ಸತ್ಯಾಂಶ: ಆಳಂದಿಯ ಪಲ್ಲಕ್ಕಿ ಜ್ಞಾನೇಶ್ವರರ ಕಾಲದ್ದಲ್ಲ

ಆಷಾಢ ಹತ್ತಿರವಾದಂತೆ ಸೋಲಾಪುರ, ಅಕ್ಕಲಕೋಟೆ ಕಡೆಯ ಕನ್ನಡ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತದೆ: ‘ಪಂಢರಪುರಕ್ಕೆ ಪಲ್ಲಕ್ಕಿ ಒಯ್ಯುವ ಪದ್ಧತಿಯನ್ನು ಜ್ಞಾನೇಶ್ವರರೇ ಆರಂಭಿಸಿದರು.’ ಇದು ಸರಿಯಲ್ಲ.

ವಿಠ್ಠಲನ ದರ್ಶನಕ್ಕೆ ಪಂಢರಪುರಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ಯಾತ್ರೆ, ಅಂದರೆ ವಾರಿ, ಹಳೆಯದು; ಸಂತರ ಪಾದುಕೆಗಳನ್ನು ಒಯ್ಯುವ ಪಲ್ಲಕ್ಕಿ ಹೊಸದು. ಸಂತ ಜ್ಞಾನೇಶ್ವರರು ಪುಣೆ ಬಳಿಯ ಆಳಂದಿಯಲ್ಲಿ ಸಮಾಧಿಯಾದದ್ದು 1296ರಲ್ಲಿ. ಪಲ್ಲಕ್ಕಿ ಬಂದದ್ದು ಸುಮಾರು ನಾಲ್ಕು ಶತಮಾನ ಕಳೆದ ಮೇಲೆ. 1685ರಲ್ಲಿ ಸಂತ ತುಕಾರಾಮರ ಮಗ ನಾರಾಯಣ ಮಹಾರಾಜರು ತಂದೆಯ ಪಾದುಕೆಗಳನ್ನು ಅವರ ಊರಾದ ದೇಹೂವಿನಿಂದ ಆಳಂದಿಗೆ ಒಯ್ದು, ಅಲ್ಲಿ ಜ್ಞಾನೇಶ್ವರರ ಪಾದುಕೆಗಳನ್ನೂ ಜೊತೆಗಿಟ್ಟು ಪಂಢರಪುರಕ್ಕೆ ಹೊರಟರು. ಆಳಂದಿಯ ಪಲ್ಲಕ್ಕಿ ದೇಹೂವಿನದರಿಂದ ಬೇರೆಯಾದದ್ದು 19ನೇ ಶತಮಾನದಲ್ಲಿ, ಜ್ಞಾನೇಶ್ವರರ ಭಕ್ತ ಹೈಬತಬಾಬಾ ಆರಫಳಕರರಿಂದ. ಪಲ್ಲಕ್ಕಿಯನ್ನಿಟ್ಟ ರಥದ ಮುಂದೆ ಮತ್ತು ಹಿಂದೆ ಕ್ರಮಸಂಖ್ಯೆಯಂತೆ ದಿಂಡಿಗಳು (ಭಜನೆ ಮಾಡುತ್ತಾ ನಡೆಯುವ ಯಾತ್ರಿಕರ ತಂಡಗಳು) ಸಾಗುವ ಇಂದಿನ ಶಿಸ್ತು ಅವರದೇ ಕೊಡುಗೆ. ದಾರಿಯಲ್ಲಿ ಯಾತ್ರಿಕರ ನಡುವೆ ಕುದುರೆ ಓಡಿಸುವ ರಿಂಗಣದಲ್ಲಿ ಓಡುವ, ಸವಾರನಿಲ್ಲದ ‘ಮಾವುಲಿಯ (ಅಂದರೆ ಜ್ಞಾನೇಶ್ವರರ) ಕುದುರೆ’ ಇಂದಿಗೂ ಬೆಳಗಾವಿ ಜಿಲ್ಲೆಯ ಅಂಕಲಿಯ ಶಿತೋಳೆ ಮನೆತನದಿಂದ ಬರುತ್ತದೆ; ನಮ್ಮವರು ಹೆಮ್ಮೆಪಡಬೇಕಾದ ಸಂಗತಿ ಇದು.

ಗೊಂದಲಕ್ಕೆ ಕಾರಣ ಪಾದುಕೆ. ಪಲ್ಲಕ್ಕಿಯಲ್ಲಿ ಜ್ಞಾನೇಶ್ವರರ ಪಾದುಕೆ ಇರುವುದರಿಂದ ಪದ್ಧತಿಯೂ ಅವರದೇ ಎಂದುಕೊಳ್ಳುತ್ತಾರೆ.

ಅದೇ ಸಂದೇಶದ ಕೊನೆಯಲ್ಲಿ, ವಿಠ್ಠಲನ ಪಾದ ಮುಟ್ಟದಿದ್ದರೆ ವಾರಿ ವ್ಯರ್ಥ ಎಂಬ ಮಾತೂ ಇರುತ್ತದೆ. ಇದು ವೃದ್ಧರನ್ನು ಸುಮ್ಮನೆ ಹೆದರಿಸುತ್ತದೆ. ಆಷಾಢ ಏಕಾದಶಿಯಂದು ಪಾದಸ್ಪರ್ಶದ ಸಾಲು ಹಲವು ಗಂಟೆ ಹಿಡಿಯುತ್ತದೆ. ಮುಖದರ್ಶನದ ಸಾಲು ಬೇರೆಯೇ ಇದ್ದು, ಬೇಗ ಸಾಗುತ್ತದೆ. ಚಂದ್ರಭಾಗಾ ನದಿಯಲ್ಲಿ ಮಿಂದು, ಗುಡಿಯ ಬಾಗಿಲಲ್ಲಿರುವ ಸಂತ ನಾಮದೇವರ ಹೆಸರಿನ ಮೆಟ್ಟಿಲಿಗೆ ನಮಸ್ಕರಿಸಿ, ಗುಡಿಯ ಕಳಸ ನೋಡಿ ಮರಳುವ ವಾರಕರಿಗಳು (ವಾರಿಯ ಯಾತ್ರಿಕರು) ಬಹಳ ಮಂದಿ.