ಕೊಠಡಿ ಬಾಡಿಗೆ ಹೆಚ್ಚಾದರೆ ಸರ್ಜನ್ ಶುಲ್ಕಕ್ಕೆ ಸಿಗುವ ವಿಮಾ ಹಣ ಏಕೆ ಅರ್ಧವಾಗಬೇಕು?

ಅಮ್ಮನ ಆಪರೇಷನ್ ಬಿಲ್ಲಿನಲ್ಲಿ ವಿಮಾ ಕಂಪನಿ ಕಡಿತ ಮಾಡಿದ ಅರವತ್ತು ಸಾವಿರ ರೂಪಾಯಿಯನ್ನು ಆಸ್ಪತ್ರೆಗೆ ಕಟ್ಟಿಯೇ ಬಂದಿದ್ದೇನೆ, ಏಕೆಂದರೆ ಕಟ್ಟದಿದ್ದರೆ ಅಮ್ಮನನ್ನು ಮನೆಗೆ ಕಳುಹಿಸುತ್ತಿರಲಿಲ್ಲ. ಆದರೆ ಆ ಕೌಂಟರಿನಲ್ಲಿ ಕೇಳಿಸಿಕೊಂಡ ಮಾತನ್ನು ಇನ್ನೂ ನುಂಗಿಕೊಳ್ಳಲಾಗುತ್ತಿಲ್ಲ.

"ಪಾಲಿಸಿ ಓದದೆ ಸಿಂಗಲ್ ರೂಮ್ ಯಾಕೆ ತಗೊಂಡ್ರಿ ಸರ್? ಮೂರು ಲಕ್ಷದ ಪಾಲಿಸಿಗೆ ಮೂರು ಸಾವಿರದ ರೂಮೇ" ಎಂದು ವಿಮಾ ಡೆಸ್ಕಿನ ಹುಡುಗ ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದ. ಬಿಲ್ಲನ್ನು ನನ್ನ ಕಡೆ ತಿರುಗಿಸಿ, 'ಪ್ರಪೋರ್ಷನೇಟ್ ಡಿಡಕ್ಷನ್' (ಕೊಠಡಿ ಬಾಡಿಗೆ ಮಿತಿ ಮೀರಿದ ಪ್ರಮಾಣದಲ್ಲೇ ಉಳಿದ ಶುಲ್ಕಗಳಲ್ಲೂ ಮಾಡುವ ಕಡಿತ) ಎಂಬ ಸಾಲಿಗೆ ಪೆನ್ನಿನಿಂದ ಎರಡು ಸುತ್ತು ಹಾಕಿ, ನಾನು ಇನ್ನೂ ಓದುತ್ತಿರುವಾಗಲೇ "ನೆಕ್ಸ್ಟ್" ಎಂದು ಕೂಗಿದ. ಹಿಂದೆ ನಿಂತವರೊಬ್ಬರು ನನ್ನ ಭುಜದ ಮೇಲಿಂದ ತಮ್ಮ ಕಾಗದಗಳನ್ನು ಚಾಚಿದರು. ಗಾಲಿಕುರ್ಚಿಯಲ್ಲಿದ್ದ ಅಮ್ಮ, ಸೂಜಿ ತೆಗೆದ ಜಾಗದ ಹತ್ತಿಯನ್ನು ಒತ್ತಿಹಿಡಿದುಕೊಂಡು, "ಜನರಲ್ ವಾರ್ಡೇ ಸಾಕಿತ್ತು ಕಣೋ, ನನ್ನಿಂದ ನಿನಗೆ ಇಷ್ಟೆಲ್ಲ" ಎಂದಳು. ಇಬ್ಬರು ಹಂಚಿಕೊಳ್ಳುವ ಕೊಠಡಿ ಖಾಲಿಯಿಲ್ಲವೆಂದು ಆರು ಸಾವಿರದ ಕೊಠಡಿಗೆ ಹಾಕಿದವರು ಆಸ್ಪತ್ರೆಯವರೇ. ಕ್ಯಾಶ್‌ಲೆಸ್ ಇದೆ, ಬಿಲ್ಲನ್ನು ವಿಮಾ ಕಂಪನಿಯೇ ನೇರವಾಗಿ ಕಟ್ಟುತ್ತದೆ, ಏನೂ ತೊಂದರೆಯಿಲ್ಲ ಎಂದವರೂ ಅವರೇ.

ಕೊಠಡಿಯ ಹೆಚ್ಚುವರಿ ಬಾಡಿಗೆಯನ್ನು ನಾನು ಮರುಮಾತಿಲ್ಲದೆ ಕಟ್ಟಿದೆ. ಆದರೆ ಬಾಡಿಗೆ ಪಾಲಿಸಿಯಲ್ಲಿರುವ ದಿನದ ಮಿತಿಯ ಎರಡರಷ್ಟಾಯಿತೆಂದು ಸರ್ಜನ್, ಅರಿವಳಿಕೆ ತಜ್ಞರು, ಆಪರೇಷನ್ ಥಿಯೇಟರ್, ನರ್ಸಿಂಗ್ ಎಲ್ಲದರ ಒಟ್ಟು 1,20,000 ರೂಪಾಯಿಯಲ್ಲೂ ಅರ್ಧ ಕಡಿತ ಮಾಡಿದ್ದಾರೆ. ವಿಮಾ ನಿಯಂತ್ರಣ ಪ್ರಾಧಿಕಾರದ 2020ರ ಮಾರ್ಗಸೂಚಿಯ ಪ್ರಕಾರ ಔಷಧಿ, ಇಂಪ್ಲಾಂಟ್, ಪರೀಕ್ಷೆಗಳ ವೆಚ್ಚಕ್ಕೆ ಈ ಕಡಿತ ಅನ್ವಯಿಸುವುದಿಲ್ಲ. ಅಷ್ಟೇ ಅಲ್ಲ, ಕೊಠಡಿಯ ದರ್ಜೆಗೆ ತಕ್ಕಂತೆ ಶುಲ್ಕ ಬದಲಾಗದ ಆಸ್ಪತ್ರೆಯಲ್ಲಿ ಇದನ್ನು ಮಾಡುವಂತೆಯೇ ಇಲ್ಲ. ಹಾಗಾದರೆ ಜನರಲ್ ವಾರ್ಡಿನ ರೋಗಿಗೆ ಇದೇ ಸರ್ಜನ್ ಎಷ್ಟು ತೆಗೆದುಕೊಳ್ಳುತ್ತಾರೆ ಎಂದು ಕೇಳಿದೆ. "ಅದೆಲ್ಲ ಸಿಸ್ಟಮ್ ಮಾಡುತ್ತೆ ಸರ್" ಎಂಬ ಉತ್ತರ ಬಂತು. ಯಾರಾದರೂ ಹೇಳಿ, ಆ ಸಿಸ್ಟಮಿಗೆ ಈ ಅಂಕಿಯನ್ನು ಕೊಟ್ಟವರು ಯಾರು?

ಹೋದ ಹಣ ಹೋಗಲಿ, ಅಮ್ಮ ನಡೆದರೆ ಸಾಕು ಎಂದು ಒಮ್ಮೆ ಅನ್ನಿಸುತ್ತದೆ. ಆದರೆ ಆ ನಡಿಗೆಗೆ ಬೇಕಾದ ಫಿಸಿಯೋಥೆರಪಿಯ ಬಗ್ಗೆ ಕೇಳಿದರೆ "ಒಪಿಡಿ ಕವರ್ ಇಲ್ಲ", ಅಂದರೆ ದಾಖಲಾಗದೆ ಪಡೆಯುವ ಚಿಕಿತ್ಸೆಗೆ ವಿಮೆಯಿಲ್ಲ, ಎನ್ನುತ್ತಾರೆ. ಡಿಸ್ಚಾರ್ಜ್ ಆದ ಮೇಲಿನ 60 ದಿನಗಳ ಚಿಕಿತ್ಸಾ ವೆಚ್ಚ ಕೊಡುವುದಾಗಿ ಅದೇ ಪಾಲಿಸಿಯಲ್ಲಿದೆ, ವೈದ್ಯರು ಫಿಸಿಯೋಥೆರಪಿಯನ್ನು ಡಿಸ್ಚಾರ್ಜ್ ಸಮ್ಮರಿಯಲ್ಲೇ ಬರೆದಿದ್ದಾರೆ. ಪಾಲಿಸಿಯ ಬಗ್ಗೆ ಸರಳ ಭಾಷೆಯ ಮಾಹಿತಿ ಪತ್ರವನ್ನು, ಕೇಳಿದರೆ ಗ್ರಾಹಕರ ಭಾಷೆಯಲ್ಲೇ, ಕೊಡಬೇಕೆಂಬ ನಿಯಮ 2024ರ ಜನವರಿಯಿಂದ ಇದೆ. ನನಗೆ ಬಂದದ್ದು ಮಾತ್ರ ಇಂಗ್ಲಿಷಿನ ಸಣ್ಣಕ್ಷರಗಳ ಕಂತೆ. ಓದಲಿಲ್ಲವೇ ಎಂದು ಸಾಲಿನ ಮುಂದೆ ನನ್ನನ್ನು ಕೇಳುವ ಹಕ್ಕು ಅವರಿಗೆ ಎಲ್ಲಿಂದ ಬಂತು?

ಕಂಪನಿಯ ದೂರು ವಿಭಾಗಕ್ಕೆ ಬರೆದಿದ್ದೇನೆ. ತಿಂಗಳೊಳಗೆ ಉತ್ತರ ಬಾರದಿದ್ದರೆ ವಿಮಾ ಕಂಪನಿಗಳ ವಿರುದ್ಧದ ದೂರುಗಳನ್ನು ಇತ್ಯರ್ಥ ಮಾಡುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು, ಹೋದರೂ ಹಣ ಮರಳೀತೆಂಬ ಭರವಸೆ ನನಗಿಲ್ಲ. ಆದರೂ ಯಾವ ದರ್ಜೆಯ ಕೊಠಡಿಗೆ ಯಾವ ಸರ್ಜನ್ ಶುಲ್ಕ ಎಂಬ ದರಪಟ್ಟಿಯನ್ನು ಆಸ್ಪತ್ರೆ ಬರಹದಲ್ಲಿ ಕೊಡುವವರೆಗೂ ನಾನು ಕೇಳುತ್ತಲೇ ಇರುತ್ತೇನೆ.