ಕರ್ಪೂರ, ಒರಳು ಇತ್ಯಾದಿ

ಗಣೇಶನ ಹಬ್ಬದ ದಿನ ಮನೆಮಂದಿಯೆಲ್ಲ ಕೈಮುಗಿದು ನಿಂತಿದ್ದಾರೆ, ನನ್ನ ಎಡಗೈಯಲ್ಲಿ ಗಂಟೆ. ಕರ್ಪೂರದ ಡಬ್ಬಿ ತೆಗೆದರೆ ಒಳಗೆ ಕರ್ಪೂರವೇ ಇಲ್ಲ. ಯುಗಾದಿಗೆ ತಂದದ್ದು, ಇಪ್ಪತ್ತು ಬಿಲ್ಲೆಯಾದರೂ ಇದ್ದವು. ಈಗ ಉಳಿದದ್ದು ಏಳೆಂಟು ಕಾಳುಮೆಣಸು ಮತ್ತು ವಾಸನೆ. ಮೆಣಸು ಹಾಕಿಟ್ಟರೆ ಕರ್ಪೂರ ಹಾರಿಹೋಗುವುದಿಲ್ಲ ಎಂಬುದು ನಮ್ಮ ಅಜ್ಜಿಯ ಸಿದ್ಧಾಂತ. ಕಾವಲುಗಾರರೇನೋ ಭದ್ರವಾಗಿದ್ದರು, ತಿಜೋರಿ ಖಾಲಿ.

"ಯಾರೋ ಮುಚ್ಚಳ ಸರಿಯಾಗಿ ಹಾಕಿಲ್ಲ" ಎಂದಳು ಹೆಂಡತಿ. ನಮ್ಮ ಮನೆಯಲ್ಲಿ ಯಾರೋ ಎಂದರೆ ನಾನು. ಪಿಯುಸಿ ಓದುವ ಮಗಳು, "ಅದು ಉತ್ಪತನ ಅಪ್ಪಾ, ಘನದಿಂದ ನೇರವಾಗಿ ಅನಿಲ. ಎಲ್ಲೂ ಹೋಗಿಲ್ಲ, ಇಲ್ಲೇ ಗಾಳೀಲಿದೆ" ಎಂದಳು. ಇಲ್ಲೇ ಇದ್ದರೆ ಹಚ್ಚಿ ತೋರಿಸು ಎಂದೆ. ಹಬ್ಬದ ದಿನ ಸಿಡುಕಬಾರದಂತೆ. ಕೊನೆಗೆ ತುಪ್ಪದ ಬತ್ತಿಯಲ್ಲೇ ಮಂಗಳಾರತಿ ಮುಗಿಸಿ, ಕಾಳುಮೆಣಸನ್ನು ಎಸೆಯಲು ಮನಸ್ಸು ಬಾರದೆ ಅಡುಗೆಮನೆಯ ಡಬ್ಬಿಗೆ ಸುರಿದೆ.

ದ್ರವ್ಯಕ್ಕೆ ನಾಶವಿಲ್ಲ ಎಂದು ನಮಗೂ ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿಸಿದ್ದರು. ಅದರ ಹಿಂದೆ ದೊಡ್ಡವರ ಕರ್ಪೂರದ ಕತೆಯೂ ಇದೆ. ಫ್ಲಾರೆನ್ಸಿನ ದೊರೆಯೊಬ್ಬ 1690ರ ದಶಕದಲ್ಲಿ ಭಾರಿ ಭೂತಗನ್ನಡಿಯಿಂದ ವಜ್ರದ ಮೇಲೆ ಬಿಸಿಲು ಬೀಳಿಸಿದ್ದ. ವಜ್ರ ಮಾಯ, ಚಿಟಿಕೆ ಬೂದಿಯೂ ಇಲ್ಲ. 1772ರಲ್ಲಿ ಪ್ಯಾರಿಸಿನ ರಸಾಯನಶಾಸ್ತ್ರಜ್ಞ ಲವಾಸಿಯೆ ಮತ್ತು ಸಂಗಡಿಗರು ಮುಚ್ಚಿದ ಪಾತ್ರೆಯೊಳಗೆ ವಜ್ರ ಸುಟ್ಟರು. ಒಳಗಿನ ಗಾಳಿ, ಇದ್ದಿಲು ಸುಟ್ಟಾಗ ಬರುವ ಗಾಳಿಯ ಹಾಗೆಯೇ, ಸುಣ್ಣದ ತಿಳಿನೀರನ್ನು ಹಾಲಿನಂತೆ ಕದಡಿತು. ವಜ್ರ ಹೋಗಿರಲಿಲ್ಲ, ವೇಷ ಬದಲಿಸಿ ಅಲ್ಲೇ ಕೂತಿತ್ತು. ಏನೂ ಹೊಸದಾಗಿ ಹುಟ್ಟುವುದಿಲ್ಲ, ಮೊದಲಿದ್ದಷ್ಟೇ ಕೊನೆಗೂ ಇರುತ್ತದೆ ಎಂದು ಲವಾಸಿಯೆ 1789ರ ತನ್ನ ಪುಸ್ತಕದಲ್ಲಿ ಬರೆದ. ಪಾಪ, ಹೊಟ್ಟೆಪಾಡಿಗೆ ತೆರಿಗೆ ವಸೂಲಿಯ ಪಾಲುದಾರನಾಗಿದ್ದವನು. 1794ರಲ್ಲಿ ಫ್ರೆಂಚ್ ಕ್ರಾಂತಿಕಾರಿಗಳು ತಲೆ ಕಡಿಯುವ ಗಿಲೊಟಿನ್‌ಗೆ ಕೊಟ್ಟರು. ಆಗಲೂ ಅವನ ತೂಕ ಗ್ರಾಮಿನಷ್ಟೂ ಕಡಿಮೆಯಾಗಿರಲಿಕ್ಕಿಲ್ಲ, ಎರಡು ಕಂತಿನಲ್ಲಿ ತೂಗಬೇಕಿತ್ತು ಅಷ್ಟೆ.

ನನ್ನ ತಕರಾರು ಇಷ್ಟೇ: ನಾಶವಾಗಬಾರದ್ದು ಹೀಗೆ ಹೇಳದೆ ಕೇಳದೆ ಹಾರಿಹೋಗುತ್ತದೆ, ನಾಶವಾಗಲಿ ಎಂದು ಹರಕೆ ಹೊತ್ತದ್ದು ಹೋಗುವುದೇ ಇಲ್ಲ. ನಮ್ಮ ಒರಳನ್ನೇ ತೆಗೆದುಕೊಳ್ಳಿ.

ಊರ ಮನೆ ಮಾರಿದಾಗ ಅಕ್ಕ, "ಅಮ್ಮ ರುಬ್ಬಿದ ಒರಳು ಕಣೋ, ಪರರ ಪಾಲಾಗಬಾರದು" ಎಂದು ಕಣ್ಣೊರೆಸಿಕೊಂಡಳು. ಕಣ್ಣೊರೆಸಿಕೊಂಡವಳು ತನ್ನ ಮನೆಗೆ ಒಯ್ಯಲಿಲ್ಲ. ಅವಳಿಗೆ ಗ್ರೈಂಡರ್ ಇತ್ತು. ಹೀಗೆ ಐವತ್ತು ಕೆಜಿಯ ಕಲ್ಲು, ಗುಂಡಿನ ಸಮೇತ, ಬೆಂಗಳೂರಿನ ನಮ್ಮ ಮೂರನೇ ಮಹಡಿಯ ಬಾಲ್ಕನಿಗೆ ಬಂತು. ಲಿಫ್ಟು ಕೆಟ್ಟಿತ್ತು. ಹೊತ್ತವರು ಮೆಟ್ಟಿಲ ಲೆಕ್ಕದಲ್ಲಿ ದುಡ್ಡು ಕೇಳಿದರು. ಬಂದವರೆಲ್ಲ ಅದರಲ್ಲಿ ನೀರು ತುಂಬಿಸಿ ತಾವರೆ ಬೆಳೆಸಿ ಎಂದರು. ತುಂಬಿಸಿದೆವು. ಸೊಳ್ಳೆ ಬೆಳೆದವು.

ಗುಜರಿಯವನು, "ಕಬ್ಬಿಣ ಇದ್ರೆ ಕೊಡಿ ಸಾರ್, ಕಲ್ಲು ಯಾರು ತಗೋತಾರೆ" ಎಂದ. ದೇವಸ್ಥಾನದವರ ಬಳಿ ಭಕ್ತರು ಕೊಟ್ಟ ಮೂರು ಒರಳು ಆಗಲೇ ಇದ್ದವು. ಕೊನೆಗೊಂದು ರಾತ್ರಿ ಇಬ್ಬರು ಹುಡುಗರಿಗೆ ದುಡ್ಡು ಕೊಟ್ಟು, ಪಕ್ಕದ ಖಾಲಿ ಸೈಟಿನಲ್ಲಿ ಇಳಿಸಿ ಬಂದೆ. ಅಂದು ಬಂದಂಥ ನಿದ್ದೆ ಮದುವೆಯಾದ ಮೇಲೆ ಬಂದಿರಲಿಲ್ಲ.

ಬೆಳಿಗ್ಗೆ ಬಾಗಿಲು ತೆಗೆದರೆ ಒರಳು ಹೊಸ್ತಿಲಿನಾಚೆ ಕೂತಿದೆ. ಪಕ್ಕದಲ್ಲಿ ಅಪಾರ್ಟ್‌ಮೆಂಟಿನ ಕಾರ್ಯದರ್ಶಿ ನಿಂತಿದ್ದಾರೆ. ಕಸ ಹಾಕಿದ್ದಕ್ಕೆ ದಂಡ 500 ರೂಪಾಯಿ, ವಾಪಸು ಹೊತ್ತು ತಂದ ಕೂಲಿ ಬೇರೆ. ನಮ್ಮದೇ ಎಂದು ಹೇಗೆ ಗೊತ್ತಾಯಿತು ಸಾರ್ ಎಂದೆ. ಅವರು ಮಾತಾಡದೆ ಬಗ್ಗಿ ಬೆರಳಿಟ್ಟು ತೋರಿಸಿದರು. ನಮ್ಮಪ್ಪನಿಗೆ ಚಮಚದಿಂದ ಹಂಡೆಯವರೆಗೆ ಎಲ್ಲದರ ಮೇಲೂ ಹೆಸರು ಕೆತ್ತಿಸುವ ಚಟ. ಒರಳಿಗೆ ಉಳಿಪೆಟ್ಟು ಹಾಕಲು ಬರುತ್ತಿದ್ದವನ ಕೈಯಲ್ಲಿ ಇದಕ್ಕೂ ಇನಿಷಿಯಲ್ ಸಮೇತ ಹೊಡೆಸಿದ್ದರು. ಅದೇ ಹೆಸರು, ಅದೇ ಇನಿಷಿಯಲ್ ನಮ್ಮ ಬಾಗಿಲ ಬೋರ್ಡಿನ ಮೇಲೂ ಇದೆ, ಏಕೆಂದರೆ ಆ ಬೋರ್ಡೂ ಊರ ಮನೆಯದೇ. ಅದನ್ನೂ ಎಸೆಯಲಾಗಿರಲಿಲ್ಲ. ಈ ಕಾರ್ಯದರ್ಶಿಗೆ ಮೂರು ತಿಂಗಳಿಂದ ಸೋರುವ ಓವರ್‌ಹೆಡ್ ಟ್ಯಾಂಕು ಕಾಣುವುದಿಲ್ಲ, ಕತ್ತಲಲ್ಲಿ ಒರಳಿನ ಬುಡದ ಅಕ್ಷರ ಕಾಣುತ್ತದೆ.

ಈ ಕತೆ ಕೇಳಿದಾಗೆಲ್ಲ ಮಗಳು ಐನ್‌ಸ್ಟೈನರನ್ನು ಎಳೆದು ತರುತ್ತಾಳೆ. 1905ರಲ್ಲಿ ಅವರು ಲವಾಸಿಯೆಯ ಲೆಕ್ಕಕ್ಕೆ ತಿದ್ದುಪಡಿ ತಂದರಂತೆ: ದ್ರವ್ಯ ಶಕ್ತಿಯೂ ಆಗಬಲ್ಲದು. ಒಂದು ಕೆಜಿ ಕರ್ಪೂರ ಪೂರ್ತಿ ಉರಿದರೆ ಬಿಸಿ, ಬೆಳಕುಗಳ ರೂಪದಲ್ಲಿ ಅರ್ಧ ಮೈಕ್ರೋಗ್ರಾಮಿಗಿಂತ ಕಡಿಮೆ ತೂಕ ಕೈಬಿಟ್ಟು ಹೋಗುತ್ತದೆ. 1945ರಲ್ಲಿ ಹಿರೋಷಿಮಾದ ಮೇಲೆ ಬಿದ್ದ ಬಾಂಬಿನಲ್ಲಿ ಹೀಗೆ ಕೈಬಿಟ್ಟದ್ದು ಒಂದು ಗ್ರಾಮೂ ಇಲ್ಲ. ನಮ್ಮ ಒರಳು ಐವತ್ತು ಕೆಜಿ. ಬೇಡ, ಬಾಲ್ಕನಿಯಲ್ಲೇ ಇರಲಿ.

ಪ್ರಸಾದದ ಬಾಳೆಹಣ್ಣು ಸುಲಿಯುತ್ತಿದ್ದಾಗ ಅವಳು ಇನ್ನೊಂದು ಹೇಳಿದಳು. ಬಾಳೆಹಣ್ಣಿನ ಪೊಟ್ಯಾಸಿಯಂನಲ್ಲಿ ಒಂದಿಷ್ಟು ವಿಕಿರಣಶೀಲವಾದದ್ದು ಇರುತ್ತದೆ. ಅದರಿಂದ ಒಂದೆರಡು ಗಂಟೆಗೊಮ್ಮೆ ಒಂದು ಪಾಸಿಟ್ರಾನ್, ಅಂದರೆ ಎಲೆಕ್ಟ್ರಾನಿನ ಪ್ರತಿಕಣ, ಹೊರಬಿದ್ದು, ಪಕ್ಕದ ಎಲೆಕ್ಟ್ರಾನಿಗೆ ಡಿಕ್ಕಿ ಹೊಡೆದು, ಇಬ್ಬರೂ ಇಲ್ಲವಾಗುತ್ತಾರೆ. ಬೂದಿಯಿಲ್ಲ, ಹೊಗೆಯಿಲ್ಲ, ಕಣ್ಣಿಗೆ ಕಾಣದ ಎರಡು ಕಿಡಿ ಬೆಳಕು ಮಾತ್ರ. ಹಾಗಾದರೆ ನಾಶವಾಯಿತಲ್ಲ ಎಂದೆ. ಶಕ್ತಿಯಾಯಿತು ಅಪ್ಪಾ, ಲೆಕ್ಕ ಸರಿಯಾಗಿಯೇ ಇದೆ ಎಂದಳು. ಅವರ ಲೆಕ್ಕ ಯಾವಾಗಲೂ ಸರಿಯಿರುತ್ತದೆ. ನಾನು ಕರ್ಪೂರ ಎಲ್ಲಿ ಎಂದು ಕೇಳಿದ್ದೆ.

ಮಧ್ಯಾಹ್ನದ ಕಡುಬು ಹೊಟ್ಟೆಯಲ್ಲಿ ಭಾರವಾಗಿ ಕೂತದ್ದರಿಂದ ರಾತ್ರಿಗೆ ಬರೀ ಅನ್ನ, ಮೆಣಸಿನ ಸಾರು. ಮೊದಲ ತುತ್ತಿಗೇ ಮಗಳು ತಟ್ಟೆಯನ್ನು ದೂರ ಸರಿಸಿ, "ಅಮ್ಮಾ, ಸಾರು ಯಾಕೆ ದೇವಸ್ಥಾನದ ಥರ ವಾಸನೆ ಬರ್ತಿದೆ?" ಎಂದಳು. ಹೆಂಡತಿ ಎದ್ದು ಹೋಗಿ ಮೆಣಸಿನ ಡಬ್ಬಿ ತಂದಳು. ಮುಚ್ಚಳ ತೆಗೆದು ಮೂಸಿದಳು. ಆಮೇಲೆ ನನ್ನ ಕಡೆ ನೋಡಿದಳು.

ಸಾರನ್ನು ಸಿಂಕಿಗೆ ಸುರಿಯುವ ಕೆಲಸ ನನ್ನ ಪಾಲಿಗೆ ಬಂತು.