"ಸೆಂಟ್ರಿಗೇ ಕೊಟ್ಟಿದೀನಿ ಸಾರ್!"

ಗೃಹಪ್ರವೇಶದ ಊಟ ಮುಗಿಸಿ, ಬೀಡಾ ಜಗಿಯುತ್ತ ಹೊಸ ಮನೆಯ ಹಾಲ್‌ನಲ್ಲಿ ನಿಂತರೆ ಮೊದಲು ಕಣ್ಣಿಗೆ ಬೀಳುವುದು ಮಾರ್ಬಲ್ ಅಲ್ಲ, 55 ಇಂಚಿನ ಟಿವಿಯ ಕೆಳಗೆ ಇಳಿಬಿದ್ದ ಮೂರು ಕರಿ ವೈರು. ಲಕ್ಷಗಟ್ಟಲೆ ಸುರಿದ ಗೋಡೆಗೆ ಎಣ್ಣೆ ಕಾಣದ ಜಡೆ! ತುದಿಯಲ್ಲಿ ಕುಚ್ಚಿನ ಹಾಗೆ ಒಂದು ಎಕ್ಸ್‌ಟೆನ್ಷನ್ ಬಾಕ್ಸು.

ಈ ಜಡೆ ಹೆಣೆದವರು ಎಲೆಕ್ಟ್ರಿಷಿಯನ್. ಟಿವಿ ಸಾಕೆಟ್ಟಿಗೆ ಜಾಗ ಹುಡುಕುವಾಗ ಅವರಿಗೆ ಗೋಡೆಯ ನಟ್ಟನಡುವೇ ಕಾಣುವುದು. ಟಿವಿ ಎಷ್ಟು ಇಂಚು, ಅದನ್ನು ಗೋಡೆಗೆ ಹಿಡಿಸುವ ಬ್ರಾಕೆಟ್ ಎಂಥದ್ದು ಎಂದೆಲ್ಲ ಕೇಳುವವರಲ್ಲ. ಟೇಪ್ ಹಿಡಿದು, ಒಂದು ಕಣ್ಣು ಮುಚ್ಚಿ, ಪೆನ್ಸಿಲ್ ಗೀಟು ಹಾಕಿ "ಸೆಂಟ್ರಿಗೇ ಕೊಟ್ಟಿದೀನಿ ಸಾರ್, ನೀಟಾಗಿರುತ್ತೆ" ಎನ್ನುತ್ತಾರೆ. ಮದುಮಗನಿಗೆ ಬಾಸಿಂಗ ಕಟ್ಟುವವರಿಗೂ ಇಷ್ಟು ಶ್ರದ್ಧೆ ಇರುವುದಿಲ್ಲ. ಆರು ತಿಂಗಳಿಗೆ ಬ್ರಾಕೆಟ್ ಹಾಕುವ ಹುಡುಗ ಬರುತ್ತಾನೆ. ಅವನಿಗೂ ಸೆಂಟರೇ ಬೇಕು! "ಪಾಯಿಂಟ್ ಅಡ್ಡ ಬರ್ತಿದೆ ಸಾರ್, ಒಂಚೂರು ಮೇಲೆ ಹಾಕ್ಲಾ?" ಹೂಂ ಎಂದರೆ ಕತ್ತು ನೋವು. ಮೇಲಾಗಿ ಸಾಕೆಟ್ಟಿನ ನೇರಕ್ಕೆ ಡ್ರಿಲ್ ಹಾಕಿದರೆ ಒಳಗಿನ ವೈರಿಗೇ ತೂತು. ಊಹೂಂ ಎಂದರೆ ಗೋಡೆ ಒಡೆಯಬೇಕು. ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದರೆ ಅವರು ಆಗಲೇ ಇನ್ಯಾರದೋ ಗೋಡೆಯ ಸೆಂಟರಿನಲ್ಲಿರುತ್ತಾರೆ.

ಲೆಕ್ಕ ಕಷ್ಟದ್ದೇನಲ್ಲ. ಸೋಫಾದಲ್ಲಿ ಕೂತವರ ಕಣ್ಣು ನೆಲದಿಂದ ಸುಮಾರು 42 ಇಂಚು ಎತ್ತರದಲ್ಲಿರುತ್ತದೆ, ಟಿವಿಯ ಮಧ್ಯ ಅಲ್ಲಿಗೆ ಬರಲಿ. 55 ಇಂಚಿನದು ಅಗಲ ನಾಲ್ಕಡಿ, ಎತ್ತರ ಎರಡೂಕಾಲು ಅಡಿ ಚಿಲ್ಲರೆ. ಸಾಕೆಟ್ ಮಧ್ಯದಿಂದ ಒಂದಡಿ ಪಕ್ಕಕ್ಕಿದ್ದರೆ ಬ್ರಾಕೆಟ್ಟಿಗೆ ತಾಗದು, ಹೊರಗೂ ಕಾಣದು. ಇಂಚುಗಟ್ಟಲೆ ಅಳೆದು ಟಿವಿ ಕೊಳ್ಳುವವರು ಪ್ಲಗ್ಗಿಗೂ ಒಂದು ಬೆನ್ನಿದೆ ಎಂಬುದನ್ನು ಮಾತ್ರ ಮರೆಯುತ್ತಾರೆ. ಅದು ಒಂದೂವರೆ ಇಂಚು ಮುಂದೆ ಚಾಚುತ್ತದೆ, ಗೋಡೆಗಂಟುವ ಬ್ರಾಕೆಟ್ ಬಿಡುವುದು ಒಂದಿಂಚು. ಆಮೇಲೆ ಟಿವಿ ಮುನಿಸಿಕೊಂಡ ಅಳಿಯನ ಹಾಗೆ ಒಂದು ಕಡೆಗೆ ಮುಖ ತಿರುಗಿಸಿ ಕೂರುತ್ತದೆ. ಸಾಕೆಟ್ಟನ್ನೇ ಗೋಡೆಯೊಳಗೆ ತಗ್ಗಿಸಿ ಕೂರಿಸಬೇಕು.

ಇನ್ನು ಪೈಪು. ಕರೆಂಟಿಗೆ ಹಾಕುವ 25 ಎಂಎಂ ಪೈಪನ್ನೇ ಎಚ್‌ಡಿಎಂಐಗೂ, ಅಂದರೆ ಸೆಟ್‌ಟಾಪ್ ಬಾಕ್ಸಿನಿಂದ ಟಿವಿಗೆ ಚಿತ್ರ, ಸದ್ದು ಒಯ್ಯುವ ಕೇಬಲ್ಲಿಗೂ ಹಾಕಿ "ಹೋಗುತ್ತೆ ಬಿಡಿ" ಎನ್ನುತ್ತಾರೆ. ಪೈಪಿನೊಳಗೆ ಸಿಗುವುದು 21-22 ಎಂಎಂ. ಕೇಬಲ್ಲಿನ ತಲೆ 20 ಎಂಎಂ ಅಗಲ, ಹತ್ತು-ಹನ್ನೆರಡು ಎಂಎಂ ದಪ್ಪ. ಮೂಲೆಯಿಂದ ಮೂಲೆಗೆ ಅಳೆದರೆ ಪೈಪನ್ನೇ ಮೀರುತ್ತದೆ. ಟಿವಿಯಿಂದ ಕೆಳಗಿನ ಯುನಿಟ್‌ವರೆಗೆ ಎರಡಿಂಚಿನ ಪಿವಿಸಿ ಪೈಪೇ ಬೇಕು, ಎಲ್ಬೋ ಬೇಡ, ಉದ್ದನೆಯ ಬೆಂಡ್ ಇರಲಿ. ಮುಂದೆ ಕೇಬಲ್ ಎಳೆಯಲು ಒಳಗೊಂದು ನೈಲಾನ್ ದಾರ ಬಿಟ್ಟು, ಎರಡೂ ತುದಿಗೆ ಗಂಟು ಹಾಕಿಬಿಡಿ. ಕರೆಂಟಿನ ವೈರಿಗೆ ಬೇರೆಯದೇ ಪೈಪು. ನಾಲ್ಕಿಂಚಿನ ಗೋಡೆಯಾದರೆ ಕೊರೆಯಲೇಬೇಡಿ, ಅರ್ಧ ಗೋಡೆಯೇ ಹೋದಂತೆ. ಪ್ಲೈವುಡ್ ಪ್ಯಾನೆಲ್ ಹಾಕಿಸಿ ಅದರ ಹಿಂದೆ ಇಳಿಸಿ. "ಸ್ಮಾರ್ಟ್ ಟಿವಿಗೆ ವೈರ್ ಯಾಕೆ?" ಎನ್ನುವವರು ಸೌಂಡ್‌ಬಾರ್ ತಂದ ದಿನ ಸುಮ್ಮನಾಗುತ್ತಾರೆ.

ಟಿವಿ ಹಿಂದೆ ಎರಡು, ಕೆಳಗೆ ಆರು ಸಾಕೆಟ್ ಇರಲಿ. ಆರು ಯಾಕೆಂದರೆ ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರು ಬಸ್ಸಿನಲ್ಲಿ ಟವೆಲ್ ಹಾಕುವವರ ಜಾತಿ, ಪಕ್ಕದ ಸೀಟೂ ಅದಕ್ಕೇ. ವೈಫೈ ಡಬ್ಬಿಯ ಸಾಕೆಟ್ ಮಾತ್ರ ಯುಪಿಎಸ್ ಲೈನಿಗೆ ಸೇರಲಿ.

ದೂರದರ್ಶನದ ಕಾಲದಲ್ಲಿ ವೈರು ಮುಚ್ಚಿಡಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಮಾಳಿಗೆಯ ಆಂಟೆನಾದಿಂದ ಇಳಿದ ಚಪ್ಪಟೆ ವೈರು ಕಿಟಕಿಯಲ್ಲಿ ನುಸುಳಿ, ಕಸೂತಿ ಬಟ್ಟೆ ಹೊದ್ದ ಟಿವಿಯ ಹಿಂದೆ ಸೇರುತ್ತಿತ್ತು. ಅದು ಬೀದಿಗೆಲ್ಲ ಕಾಣಲಿ ಎಂಬ ಆಸೆಯೂ ಇತ್ತೇನೋ. ಭಾನುವಾರ ಅರ್ಧ ಬೀದಿ ಆ ವೈರಿನ ಜಾಡು ಹಿಡಿದೇ ಬರುತ್ತಿತ್ತು.

ಪ್ಲಾಸ್ಟರ್‌ಗೆ ಮುಂಚೆ, ಪೈಪಿನ ಪಕ್ಕ ಟೇಪ್ ಬಿಚ್ಚಿ ಹಿಡಿಸಿ ಫೋಟೊ ತೆಗೆದಿಟ್ಟುಕೊಳ್ಳಿ. ಟೇಪ್ ಹಿಡಿದವರು ಹೇಗೂ ಕೇಳುತ್ತಾರೆ: "ಫೋಟೊ ಯಾಕೆ ಸಾರ್, ಸೆಂಟ್ರಿಗೇ ಇದೆಯಲ್ಲ?"